ಹದಿನಾರಾಣೆ ಹೊಲ: ಕುಂದಗೋಳ ಸೀಮೆಯ ಕಂದಾಯದ ಚರಿತ್ರೆ

ಹೊಲದ ಕಂದಾಯಕ್ಕೆ ಕುಂದಗೋಳ ಸೀಮೆಯಲ್ಲಿ ಕಾಲಕ್ಕೊಂದು ಹೆಸರು. ಶಾಸನಗಳಲ್ಲಿ ಅದು ಸಿದ್ಧಾಯ, ಮರಾಠಿ ದಫ್ತರಗಳಲ್ಲಿ ಸಾರಾ, ಸರ್ವೆ ಇಲಾಖೆಯ ಕಾಗದಗಳಲ್ಲಿ ಆಕಾರ, ಊರ ಚಾವಡಿಯಲ್ಲಿ ಬರೀ ಪಟ್ಟಿ. ಹೆಸರಿನ ಜೊತೆಗೆ ಹೊಲ ಅಳೆಯುವ ಕೋಲೂ ಬದಲಾಗುತ್ತ ಬಂತು. ಈ ಭಾಗದ ಕಂದಾಯದ ತಕರಾರುಗಳನ್ನು ಸಾಲಾಗಿ ಇಟ್ಟು ನೋಡಿದರೆ, ಎಕರೆಗೆ ಎಷ್ಟು ಎಂಬ ಜಗಳಕ್ಕಿಂತ ಯಾವ ಅಳತೆಯಿಂದ, ಯಾರು ಅಳೆದು ಹೇಳಿದ್ದು ಎಂಬ ಜಗಳವೇ ದೊಡ್ಡದು.

ಇದಕ್ಕೆ ಕಾರಣ ನೆಲದಲ್ಲೇ ಇದೆ. ಹುಬ್ಬಳ್ಳಿಯಿಂದ ದಕ್ಷಿಣಕ್ಕೆ ಕುಂದಗೋಳ, ಉತ್ತರ ಮತ್ತು ಪೂರ್ವಕ್ಕೆ ನವಲಗುಂದ, ಅಣ್ಣಿಗೇರಿ: ಇದೆಲ್ಲ ಎರಿ ಭೂಮಿ. ಬಿಳಿಜೋಳ, ಹತ್ತಿ, ಗೋದಿ, ಕಡಲೆ, ಕುಂದಗೋಳದ ಕಡೆ ಮೆಣಸಿನಕಾಯಿ ಇಲ್ಲಿಯ ಬೆಳೆಗಳು. ಪಶ್ಚಿಮದ ಕಲಘಟಗಿ ಮಾತ್ರ ಮಲೆನಾಡಿನ ಸೆರಗು. ಅಲ್ಲಿ ಭತ್ತ, ಕೆರೆ, ಕಾಡು. ಎರಿ ಹೊಲ ದೂರದಿಂದ ಒಂದೇ ಸಮನಾಗಿ ಕಂಡರೂ ಒಂದು ಕಡೆ ಆಳುದ್ದ ಕರಿಮಣ್ಣು ಇದ್ದರೆ ಬದುವಿನಾಚೆ ಗೇಣುದ್ದ ಅಗೆಯುವುದರೊಳಗೆ ಗರಸು ಬಂದೀತು. ನಡುನಡುವೆ ಕೆಂಪು ಮಸಾರಿ. ಮಳೆ ಹಿಡಿದರೆ ಆಳ ಎರಿ ಬೆಳೆದಷ್ಟು ಬೇರೆ ಯಾವ ನೆಲವೂ ಬೆಳೆಯದು. ಹಿಂಗಾರಿ ಕೈಕೊಟ್ಟರೆ ಬಿರುಕು ಬಿಟ್ಟು ಬಾಯ್ತೆರೆದು ನಿಲ್ಲುವುದೂ ಅದೇ. ಇಂಥ ನೆಲಕ್ಕೆ ಒಂದೇ ದರ ಕಟ್ಟಲು ಹೋದ ಸರ್ಕಾರಗಳೆಲ್ಲ ಎಡವಿದವು.

ಚಾಲುಕ್ಯರ ಕಾಲದಲ್ಲಿ ಈ ಬಯಲಿನ ಬಹುಭಾಗ ಬೆಳ್ವೊಲ ಮುನ್ನೂರಕ್ಕೆ ಸೇರಿತ್ತು. ಅಣ್ಣಿಗೇರಿ ಅದರ ಮುಖ್ಯ ಪಟ್ಟಣ. ಅಲ್ಲಿಯ ಅಮೃತೇಶ್ವರ, ಕುಂದಗೋಳದ ಶಂಭುಲಿಂಗ ದೇವಾಲಯಗಳು ಆ ಕಾಲದವು. ನೆಲದ ಅಳತೆ ಮತ್ತರು ಮತ್ತು ಕಮ್ಮ. ಆದರೆ ಮತ್ತರು ಎಲ್ಲ ಊರಲ್ಲೂ ಒಂದೇ ಆಗಿರಲಿಲ್ಲ. ಯಾವ ಗಳೆಯಿಂದ, ಅಂದರೆ ಯಾವ ಅಳತೆಗೋಲಿನಿಂದ ಅಳೆದ ಮತ್ತರು ಎಂದು ದಾನಶಾಸನಗಳು ಬಿಡಿಸಿ ಹೇಳುತ್ತವೆ. ನಾಳೆ ಯಾರೂ ಕೋಲು ಮೋಟು ಮಾಡಬಾರದೆಂದು ಕೆಲವೆಡೆ ಅದರ ಉದ್ದವನ್ನು ಗುಡಿಯ ಕಲ್ಲಿನ ಮೇಲೆ ಗೆರೆ ಕೊರೆದು ಗುರುತಿಸಿದ್ದೂ ಉಂಟು. ಸಿದ್ಧಾಯ ಎಂಬುದು ಗೊತ್ತುಮಾಡಿದ ನಿಶ್ಚಿತ ಕಂದಾಯ. ಅದರ ಮೇಲೆ ಪೆರ್ಜುಂಕ, ವಡ್ಡರಾವುಳ, ವೀಳ್ಯದೆಲೆಯ ಪನ್ನಾಯ, ಮನೆವಣ ಮುಂತಾದ ಸುಂಕಗಳು. ದತ್ತಿ ಬಿಡುವಾಗ ಇವುಗಳಿಂದ ವಿನಾಯಿತಿ ಕೊಟ್ಟದ್ದನ್ನು ಸರ್ವಬಾಧಾಪರಿಹಾರ ಎಂದು ಕರೆದರು. ತೆರಿಗೆಗೆ ಬಾಧೆ ಎಂಬ ಹೆಸರನ್ನು ಅರಸರ ಶಾಸನಗಳೇ ಒಪ್ಪಿಕೊಂಡ ಸಂದರ್ಭ ಇದು.

ವಿಜಯನಗರದ ಅರಸರು ಗೊತ್ತುಮಾಡಿದ ಕಂದಾಯಕ್ಕೆ ರಾಯರೇಖೆ ಎಂಬ ಹೆಸರು ನಿಂತಿತು. ಆ ಆಳ್ವಿಕೆ ಮುಗಿದು ಎಷ್ಟೋ ಕಾಲದವರೆಗೆ ದಫ್ತರಗಳಲ್ಲಿ ಅದು ಹಳೆಯ ಸರಿ ಲೆಕ್ಕವಾಗಿ ಉಳಿಯಿತು. ಆದಿಲಶಾಹಿ, ಸವಣೂರ ನವಾಬರು, ಪೇಶವೆಗಳು ಒಬ್ಬರಾದ ಮೇಲೊಬ್ಬರು ಆ ಮೂಲ ಅಂಕಿಯ ಮೇಲೆ ಪಟ್ಟಿಗಳನ್ನು ಹೇರುತ್ತ ಹೋದರು. ಲೆಕ್ಕ ಇಟ್ಟವರು ಮಾತ್ರ ಬಹುಪಾಲು ಅದೇ ಮನೆತನಗಳವರು: ಊರಿಗೆ ಗೌಡ ಮತ್ತು ಕುಲಕರ್ಣಿ, ನಾಡಿಗೆ ನಾಡಗೌಡ ಮತ್ತು ನಾಡಿಗೇರ. ಮರಾಠಿಯಲ್ಲಿ ದೇಸಾಯಿ, ದೇಶಪಾಂಡೆ ಎಂದದ್ದು ಇವರನ್ನೇ. ಕುಂದಗೋಳದ ಹೆಸರು ಇಂದು ನಾಡಿನಾಚೆಗೂ ಕೇಳುವುದು ಸವಾಯಿ ಗಂಧರ್ವರ ಸಂಗೀತದಿಂದ. ಅವರ ನೆನಪಿನ ಸಂಗೀತೋತ್ಸವ ನಡೆಯುವುದು ನಾಡಿಗೇರ ವಾಡೆಯಲ್ಲಿ. ಆ ಹೆಸರು ಮೂಲದಲ್ಲಿ ನಾಡಿನ ಕಂದಾಯದ ಲೆಕ್ಕ ಬರೆಯುವ ಹುದ್ದೆಯದು.

ಪೇಶವೆ ಎರಡನೆಯ ಬಾಜೀರಾಯನ ಕಾಲಕ್ಕೆ ವಸೂಲಿಯನ್ನೇ ಹರಾಜಿಗಿಟ್ಟರು. ಹೆಚ್ಚು ಕೂಗಿದವನಿಗೆ ತಾಲ್ಲೂಕಿನ ಗುತ್ತಿಗೆ. ಮರುವರ್ಷ ಇನ್ನೊಬ್ಬ ಹೆಚ್ಚು ಕೂಗಿದರೆ ಅವನಿಗೆ. ಅಷ್ಟರೊಳಗೆ ಹಾಕಿದ ಹಣ ಬಾಚಿಕೊಳ್ಳಬೇಕಾದವನಿಗೆ ಹೊಲದ ಅಳತೆಯೂ ಬೇಡ, ಮಣ್ಣಿನ ಗುಣವೂ ಬೇಡ. ರಾಯರೇಖೆ ಹೆಸರಿಗೆ ಮಾತ್ರ ಉಳಿದು ಹೊಲ ಬೀಳುಬಿದ್ದವು.

ಈ ಸ್ಥಿತಿಯಲ್ಲಿದ್ದ ಸೀಮೆಯನ್ನು ಇಂಗ್ಲಿಷರು ಹಿಡಿದ ರೀತಿ ಕಂದಾಯದ ಚರಿತ್ರೆಯಲ್ಲೇ ವಿಚಿತ್ರವಾದುದು. 1817ರ ಕೊನೆಗೆ ಥಾಮಸ್ ಮನ್ರೋ ಧಾರವಾಡಕ್ಕೆ ಬಂದಾಗ ಅವನ ಬಳಿ ಹೇಳಿಕೊಳ್ಳುವಂಥ ಸೈನ್ಯವಿರಲಿಲ್ಲ. ಪೇಶವೆಯ ಸರದಾರ ಬಾಪು ಗೋಖಲೆಯ ವಶದಲ್ಲಿದ್ದ ನವಲಗುಂದಕ್ಕೆ ಅವನು ಮೊದಲು ಕಳಿಸಿದ್ದು ಅಮಲ್ದಾರನನ್ನು. ರಾಮರಾವ್ ಎಂಬ ಆ ಅಧಿಕಾರಿ ಕೆಲವು ನೂರು ಸಿಬ್ಬಂದಿಯ ಜೊತೆ ಹೋಗಿ, ಇನ್ನು ಮುಂದೆ ಕಂದಾಯ ಕೊಡಬೇಕಾದ್ದು ತನಗೆ ಎಂದು ಹಳ್ಳಿಹಳ್ಳಿಗೆ ತಿಳಿಸಿದ. ಗೌಡರು ಅವನ ಕಡೆಗೆ ವಾಲಿದರು. ಗೋಖಲೆಯ ಮಗನ ಕುದುರೆ ಪಡೆ ಓಡಿತು. ಕಂದಾಯ ಯಾರಿಗೆ ಸಲ್ಲುತ್ತದೋ ಅವನೇ ದೊರೆ ಎಂಬ ಊರವರ ತಿಳಿವಳಿಕೆಯನ್ನು ಮನ್ರೋ ತೋಪಿನಂತೆ ಬಳಸಿದ.

ಆದರೂ ಎಲ್ಲ ಹಳ್ಳಿಗಳೂ ಕಂಪನಿಗೆ ಹೋಗಲಿಲ್ಲ. 1819–20ರ ಒಪ್ಪಂದಗಳಲ್ಲಿ ಪಟವರ್ಧನ ಮನೆತನದವರ ಜಹಗೀರು ಅವರಲ್ಲೇ ಉಳಿಯಿತು. ಕುಂದಗೋಳ ಜಮಖಂಡಿ ಸಂಸ್ಥಾನದ್ದು, ಗುಡಗೇರಿ ಕಿರಿಯ ಮಿರಜಿನದು, ಲಕ್ಷ್ಮೇಶ್ವರ ಹಿರಿಯ ಮಿರಜಿನದು, ಶಿರಹಟ್ಟಿ ಸಾಂಗಲಿಯದು, ಸವಣೂರು ನವಾಬರದು. ನಡುವೆ ಹುಬ್ಬಳ್ಳಿ, ನವಲಗುಂದ ತಾಲ್ಲೂಕುಗಳು ಮುಂಬಯಿ ಸರ್ಕಾರದವು. ಒಂದು ದಿನದ ಚಕ್ಕಡಿ ದಾರಿಯಲ್ಲಿ ಎರಡು ಮೂರು ಸರ್ಕಾರಗಳ ಗಡಿ ದಾಟುವ ಈ ಚಿಂದಿ ಕೌದಿಯಂಥ ನಕ್ಷೆ 130 ವರ್ಷ ಹೀಗೇ ಇತ್ತು. ಕುಂದಗೋಳದಿಂದ ಜಮಖಂಡಿ ಎಷ್ಟು ದೂರವೆಂದರೆ, ದೊರೆಯ ಕಚೇರಿಗೆ ಅರ್ಜಿ ಒಯ್ಯುವ ರೈತ ನಡುವೆ ಪರರ ರಾಜ್ಯವನ್ನು ಹಾಯ್ದೇ ಹೋಗಬೇಕಿತ್ತು.

ಕಂಪನಿಯ ಮೊದಲ ಇಪ್ಪತ್ತು ವರ್ಷ ಹಳೆಯ ಲೆಕ್ಕದ ಮೇಲೆಯೇ ನಡೆಯಿತು. ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆಯ ಹೆಸರು 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಸತ್ತದ್ದಕ್ಕೆ ಎಲ್ಲರಿಗೂ ಗೊತ್ತು. ಅವನ ದಿನನಿತ್ಯದ ಕೆಲಸ ಮಾತ್ರ ಜಮಾಬಂದಿ, ಅಂದರೆ ವರ್ಷದ ಕಂದಾಯದ ಲೆಕ್ಕ. ಆ ದಶಕದಲ್ಲಿ ಕಾಳಿನ ಬೆಲೆ ಕುಸಿಯಿತು, ಕಂದಾಯದ ಅಂಕಿ ಹಾಗೇ ನಿಂತಿತು. ರೊಕ್ಕದಲ್ಲಿ ಕಟ್ಟಬೇಕಾದವನಿಗೆ ಇದರ ಅರ್ಥ ಸರಳ: ಹಿಂದೆ ಒಂದು ಚೀಲ ಜೋಳ ಮಾರಿದರೆ ತೀರುತ್ತಿದ್ದ ಪಟ್ಟಿಗೆ ಈಗ ಇನ್ನೂ ಹೆಚ್ಚು ಜೋಳ ಮಾರಬೇಕು. ಬಾಕಿ ಬೆಳೆಯಿತು. ನೆಲದ ಅಳತೆಯೂ ಆಗ ಕೂರಿಗೆಯದು. ಎತ್ತಿನ ಕೂರಿಗೆಯಿಂದ ಒಂದು ದಿನ ಬಿತ್ತುವಷ್ಟು ಹೊಲ ಒಂದು ಕೂರಿಗೆ. ಈಗಿನ ಲೆಕ್ಕಕ್ಕೆ ಅದನ್ನು ಸುಮಾರು ನಾಲ್ಕು ಎಕರೆ ಎಂದು ಹಿಡಿಯುವುದುಂಟು. ಎತ್ತು ಚುರುಕಾದರೆ ಕೂರಿಗೆ ದೊಡ್ಡದು, ನೆಲ ಬಿರುಸಾದರೆ ಚಿಕ್ಕದು. ದುಡಿಯುವವನಿಗೆ ಇದಕ್ಕಿಂತ ಒಳ್ಳೆಯ ಅಳತೆ ಇಲ್ಲ, ಖಜಾನೆಯವನಿಗೆ ಇದಕ್ಕಿಂತ ಕೆಟ್ಟ ಅಳತೆ ಇಲ್ಲ.

ಬದಲಾವಣೆ ಬಂದದ್ದು ಮುಂಬಯಿ ಸರ್ವೆಯಿಂದ. ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಇಬ್ಬರು ಅಧಿಕಾರಿಗಳು 1835ರಲ್ಲಿ ಪುಣೆ ಕಡೆಯ ಇಂದಾಪುರದಲ್ಲಿ ಆರಂಭಿಸಿದ ಪದ್ಧತಿಯನ್ನು ವಿಂಗೇಟ್ 1840ರ ದಶಕದಲ್ಲಿ ಧಾರವಾಡ ಜಿಲ್ಲೆಗೆ ತಂದ. 1847ರಲ್ಲಿ ಗೋಲ್ಡ್‌ಸ್ಮಿಡ್, ವಿಂಗೇಟ್, ಡೇವಿಡ್‌ಸನ್ ಮೂವರೂ ಸೇರಿ ಬರೆದ ಜಂಟಿ ವರದಿ ಅದರ ನಿಯಮಗಳನ್ನು ಕಟ್ಟಿಕೊಟ್ಟಿತು. ಇಂದಿಗೂ ಕುಂದಗೋಳದ ಯಾವುದೇ ಹೊಲದ ಕಾಗದ ಬಿಡಿಸಿದರೆ ಕಾಣುವುದು ಆ ನಿಯಮಗಳ ಗುರುತೇ ಆದ್ದರಿಂದ ಅದನ್ನು ಸ್ವಲ್ಪ ವಿವರವಾಗಿ ನೋಡಬೇಕು.

ಮೊದಲು ಅಳತೆ. ಸರಪಳಿಯ ಉದ್ದ 33 ಅಡಿ, ಅದನ್ನು ಹದಿನಾರು ಆಣೆಗಳಾಗಿ ವಿಂಗಡಿಸಿದರು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲ ಒಂದು ಗುಂಟೆ: 1,089 ಚದರಡಿ. ನಲವತ್ತು ಗುಂಟೆಗೆ ಒಂದು ಎಕರೆ. ಹೀಗೆ ಇಂಗ್ಲೆಂಡಿನ ಎಕರೆ ದೇಶಿ ಆಣೆಯ ಲೆಕ್ಕಕ್ಕೆ ಕೂತಿತು. ಪ್ರತಿ ಹೊಲಕ್ಕೂ ಸರ್ವೆ ನಂಬರು, ಮೂಲೆಗಳಿಗೆ ಬಾಂದುಕಲ್ಲು, ಅಳತೆಯ ವಿವರಕ್ಕೆ ಟಿಪ್ಪಣಿ. ಬೆಳೆ ಬರದ ಜಾಗ, ಅಂದರೆ ಹಳ್ಳ, ದಾರಿ, ಕಲ್ಲುಬಂಡೆ, ಖರಾಬು ಎಂದು ಹೊರಗೆ.

ಅಳತೆ ಮುಗಿದ ಮೇಲೆ ಪ್ರತಬಂದಿ, ಅಂದರೆ ಮಣ್ಣಿನ ದರ್ಜೆ ಕಟ್ಟುವ ಕೆಲಸ. ಪ್ರತಬಂದಿಯವನು ಹೊಲದ ನಕ್ಷೆಯ ಮೇಲೆ ಗೆರೆ ಎಳೆದು ಅದನ್ನು ಚೌಕಗಳಾಗಿ ಒಡೆಯುತ್ತಿದ್ದ. ಪ್ರತಿ ಚೌಕದಲ್ಲಿ ನೆಲ ಅಗೆಸಿ ಮಣ್ಣಿನ ಆಳ ನೋಡುವುದು. ಮಣ್ಣಿಗೆ ಮೂರು ಜಾತಿ: ನುಣುಪಾದ ಕಪ್ಪು ಎರಿ ಮೊದಲನೆಯದು, ತುಸು ಒರಟಾದ ಕೆಂಪು ಮಣ್ಣು ಎರಡನೆಯದು, ಗರಸು ಬೆರೆತ ಬೂದು ಮಣ್ಣು ಮೂರನೆಯದು. ಮೊದಲ ಜಾತಿಯ ಮಣ್ಣು ಒಂದೂಮುಕ್ಕಾಲು ಮೊಳ ಆಳವಿದ್ದರೆ ಹದಿನಾರಾಣೆ. ಒಂದೂವರೆ ಮೊಳಕ್ಕೆ ಹದಿನಾಲ್ಕಾಣೆ, ಒಂದೂಕಾಲಿಗೆ ಹನ್ನೆರಡು, ಒಂದು ಮೊಳಕ್ಕೆ ಹತ್ತು. ಕಾಲು ಮೊಳಕ್ಕಿಳಿದರೆ ನಾಲ್ಕೂವರೆ ಆಣೆ. ಎರಡನೆಯ ಜಾತಿ ಆರಂಭವಾಗುವುದೇ ಹದಿನಾಲ್ಕರಿಂದ. ಆಮೇಲೆ ದೋಷಗಳು. ಸುಣ್ಣದ ಹರಳು ಬೆರೆತಿದ್ದರೆ ಒಂದು ಗುರುತು, ಮರಳಿದ್ದರೆ ಒಂದು, ಇಳಿಜಾರಾದರೆ ಒಂದು, ನೀರು ನಿಲ್ಲುತ್ತಿದ್ದರೆ ಇನ್ನೊಂದು. ಪ್ರತಿ ಗುರುತಿಗೂ ಹೊಲ ಒಂದು ದರ್ಜೆ ಕೆಳಗೆ.

ಲೆಕ್ಕ ಹೀಗೆ ನಡೆಯುತ್ತಿತ್ತು. ಹನ್ನೆರಡು ಎಕರೆಯ ಹೊಲವನ್ನು ಎರಡೆರಡು ಎಕರೆಯ ಆರು ಚೌಕ ಮಾಡಿದರು ಎಂದು ಇಟ್ಟುಕೊಳ್ಳೋಣ. ಮೂರು ಚೌಕ ಹನ್ನೆರಡಾಣೆಯವು, ಎರಡು ಎಂಟಾಣೆಯವು, ಹಳ್ಳದ ಬದಿಯ ಒಂದು ನಾಲ್ಕೂವರೆ ಆಣೆಯದು. ಎಲ್ಲ ಕೂಡಿಸಿ ಆರರಿಂದ ಭಾಗಿಸಿದರೆ ಸರಾಸರಿ ಒಂಬತ್ತಾಣೆ ಐದು ಪೈ. ಆ ಗುಂಪಿನ ಹಳ್ಳಿಗಳಿಗೆ ಗರಿಷ್ಠ ದರ ಎಕರೆಗೆ ಒಂದು ರೂಪಾಯಿ ಇದ್ದರೆ ಈ ಹೊಲದ ವರ್ಷದ ಆಕಾರ ಏಳು ರೂಪಾಯಿ ಒಂದಾಣೆ. ಮಣ್ಣಿನ ಆಣೆಯೇ ರೊಕ್ಕದ ಆಣೆಯಾಗುವ ಈ ಜೋಡಣೆ ಬಹಳ ಜಾಣತನದ್ದು. ಸಾಲೆಯ ಮುಖ ನೋಡದ ರೈತನೂ ತನ್ನ ಹೊಲ ಎಷ್ಟಾಣೆಯದು ಎಂದು ತಿಳಿಯಬಹುದಿತ್ತು.

ಎಲ್ಲರಿಗೂ ತಿಳಿಯದೆ ಉಳಿದದ್ದು ಆ ಗರಿಷ್ಠ ದರ. ಮಣ್ಣಿನ ದರ್ಜೆಯನ್ನು ಹಾರೆಯ ತುದಿ ಹೇಳುತ್ತಿತ್ತು. ಗರಿಷ್ಠ ದರವನ್ನು ಮಳೆ, ಪೇಟೆಯ ದೂರ, ರಸ್ತೆ, ಹಿಂದಿನ ವಸೂಲಿ, ಕಾಳಿನ ಬೆಲೆ ಎಲ್ಲ ನೋಡಿ ಸರ್ವೆ ಸುಪರಿಂಟೆಂಡೆಂಟರು ತಮ್ಮ ಅಂದಾಜಿನಿಂದ ಸೂಚಿಸುತ್ತಿದ್ದರು. ಮೇಲಿನ ಲೆಕ್ಕದಲ್ಲಿ ಆ ಒಂದು ರೂಪಾಯಿ ಒಂದೂವರೆ ಆದರೆ ಹೊಲದ ಮಣ್ಣು ಒಂದು ಹಿಡಿಯೂ ಹೆಚ್ಚದೆ ಆಕಾರ ಹತ್ತೂವರೆ ರೂಪಾಯಿ ದಾಟುತ್ತದೆ. ಮುಂದಿನ ನೂರು ವರ್ಷದ ತಕರಾರುಗಳಿಗೆ ದಾರಿಯಾದದ್ದು ಇದೇ.

ಹಾಗೆಂದು ಮೊದಲ ಸರ್ವೆ ರೈತನ ಪಾಲಿಗೆ ಕೆಟ್ಟದ್ದಲ್ಲ. ದರಗಳನ್ನು ತಗ್ಗಿಸಿ 30 ವರ್ಷಕ್ಕೆ ಗಟ್ಟಿ ಮಾಡಿದರು. ಬೀಳು ಹೊಲಗಳು ಮತ್ತೆ ನೇಗಿಲು ಕಂಡವು. ಮಾರುವ, ಒತ್ತೆ ಇಡುವ ಅವಕಾಶ ಬಂತು. ಒತ್ತೆ ಇಡುವ ಅವಕಾಶದ ಹಿಂದೆಯೇ ಸಾಹುಕಾರನೂ ಬಂದ. 1844ರಲ್ಲಿ ಮೊಹತರ್ಫಾ ರದ್ದಾಯಿತು: ಮಗ್ಗ, ಗಾಣ, ಅಂಗಡಿ, ಆಯಗಾರಿಕೆಗಳ ಮೇಲಿದ್ದ ನೂರೆಂಟು ಪಟ್ಟಿಗಳು ಹೋದವು. ನೇಕಾರನಿಗೆ ಇದರಿಂದ ಸಿಕ್ಕ ನೆಮ್ಮದಿ ದೊಡ್ಡದು. ಸರ್ಕಾರದ ಭಾರವೆಲ್ಲ ಹೊಲದ ಮೇಲೆಯೇ ನಿಂತದ್ದೂ ಆಗಲೇ. 1869ರ ಕಾಯ್ದೆ ಆಕಾರದ ರೂಪಾಯಿಗೆ ಒಂದಾಣೆಯಂತೆ ಲೋಕಲ್ ಫಂಡ್ ಹಾಕಿತು. ಹಳ್ಳಿಯ ಸಾಲೆ, ರಸ್ತೆಗಳು ಆ ಒಂದಾಣೆಯವು.

ಇನಾಂದಾರರ ಕಥೆ ಬೇರೆ. 1852ರ ಕಾಯ್ದೆಯ ಇನಾಂ ಕಮಿಷನ್ ಸಾರಾ ಇಲ್ಲದ ಭೂಮಿಗಳ ಸನದು ತೋರಿಸಿರೆಂದು ಕೇಳಿತು. ತಲೆಮಾರುಗಳಿಂದ ಉಂಡು ಬಂದದ್ದಕ್ಕೆ ಕಾಗದ ಎಲ್ಲಿಂದ ತರುವುದು? ಹುಳ ತಿಂದದ್ದು, ಸುಟ್ಟುಹೋದದ್ದು, ಹುಟ್ಟಿಯೇ ಇರದದ್ದು ಎಲ್ಲ ಒಂದೇ ತಕ್ಕಡಿಯಲ್ಲಿ ತೂಗಿದವು. 1858ರ ಮೇ 29ರಂದು ನರಗುಂದದ ಭಾಸ್ಕರರಾವ್ ಭಾವೆ, ಬಾಬಾಸಾಹೇಬ ಎಂದು ಜನ ಕರೆದ ದೊರೆ, ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಸುರೇಬಾನದಲ್ಲಿ ಕೊಲ್ಲಿಸಿದ್ದಕ್ಕೆ ಸರ್ಕಾರ ದತ್ತಕ ಒಪ್ಪದ ಸಿಟ್ಟು ಮುಖ್ಯ ಕಾರಣ. ಇನಾಂ ಕಮಿಷನ್ ಸುತ್ತಲ ಮನೆತನಗಳಲ್ಲಿ ಹಬ್ಬಿಸಿದ್ದ ಅಂಜಿಕೆ ಅದಕ್ಕೆ ಗಾಳಿ ಹಾಕಿತ್ತು. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬರನ್ನು ಗಲ್ಲಿಗೇರಿಸಿದರು. ಐದೇ ವರ್ಷದಲ್ಲಿ, 1863ರ ಎರಡು ಕಾಯ್ದೆಗಳಿಂದ ಸರ್ಕಾರ ರಾಜಿಗೆ ಬಂತು: ಸಾಮಾನ್ಯ ಆಕಾರದ ಕಾಲುಭಾಗ ಕೊಡಲು ಒಪ್ಪಿದವರ ಸನದನ್ನು ಕೆದಕುವುದಿಲ್ಲ.

30 ವರ್ಷದ ಗಡುವು 1870ರ ದಶಕದಲ್ಲಿ ಮುಗಿಯುತ್ತ ಬಂತು. ನಡುವೆ ಅಮೆರಿಕದ ಅಂತರ್ಯುದ್ಧದಿಂದ 1861–65ರಲ್ಲಿ ಹತ್ತಿಯ ಬೆಲೆ ಮುಗಿಲಿಗೇರಿ ಇಳಿದಿತ್ತು. ಧಾರವಾಡ ಜಿಲ್ಲೆ ಕಲೆಕ್ಟರ್ ಶಾ ಕಾಲದಿಂದಲೇ ಅಮೆರಿಕನ್ ಹತ್ತಿ ಬೆಳೆಯುತ್ತಿದ್ದ ಜಿಲ್ಲೆ. ಹುಬ್ಬಳ್ಳಿ ಪಕ್ಕದ ಕುಸುಗಲ್ಲಿನಲ್ಲಿ 1840ರ ದಶಕದಲ್ಲೇ ಸರ್ಕಾರಿ ಹತ್ತಿ ತೋಟವಿತ್ತು. ಹೊಸ ದರ ಕಟ್ಟುವವರ ಕಣ್ಣು ಸಹಜವಾಗಿ ಏರಿದ ಬೆಲೆಯ ಮೇಲೆ. ರೈತ ಕಂಡದ್ದು ಆ ಬೆಲೆ ನಂಬಿ ಮಾಡಿದ ಸಾಲವನ್ನು. ಬಹಳ ಏರಿಸಿದರೆ ಆಪತ್ತು ಎಂಬ ಅರಿವು ಸರ್ಕಾರಕ್ಕೂ ಬಂದು, 1874ರಲ್ಲಿ ಮಿತಿ ಹಾಕಿಕೊಂಡಿತು: ಒಂದು ತಾಲ್ಲೂಕಿನ ಒಟ್ಟು ಏರಿಕೆ ನೂರಕ್ಕೆ 33, ಒಂದು ಊರಿನದು 66, ಒಬ್ಬ ರೈತನದು ನೂರಕ್ಕೆ ನೂರು ಮೀರಬಾರದು. ಕಾಗದದ ಮೇಲೆ ಇದು ದಯೆ. ಆದರೆ ತಾಲ್ಲೂಕಿನ ಸರಾಸರಿಯೊಳಗೆ ಒಬ್ಬನ ಪಟ್ಟಿ ಇಮ್ಮಡಿಯಾಗಬಹುದು ಎಂದೂ ಅದೇ ಕಾಗದ ಹೇಳುತ್ತದೆ.

1879ರ ಮುಂಬಯಿ ಭೂಕಂದಾಯ ಸಂಹಿತೆಯಲ್ಲಿ ಒಂದು ಕಲಮು ಈ ಚರಿತ್ರೆಯ ನಡುಗಂಬದಂತೆ ನಿಲ್ಲುತ್ತದೆ. ರೈತ ತನ್ನ ಸ್ವಂತ ದುಡ್ಡಿನಿಂದ, ದುಡಿಮೆಯಿಂದ ಮಾಡಿದ ಸುಧಾರಣೆಯ ಮೇಲೆ ಪುನರ್‌ಸರ್ವೆಯಲ್ಲಿ ಕಂದಾಯ ಏರಿಸುವಂತಿಲ್ಲ. ಬಾವಿ ತೋಡಿದರೆ, ಒಡ್ಡು ಹಾಕಿದರೆ, ಕರಕಿ ಕಿತ್ತು ಹೊಲ ಹಸನು ಮಾಡಿದರೆ ಅದರ ಫಲ ಅವನದೇ. ಪೇಟೆ, ರಸ್ತೆ, ಬೆಲೆಗಳ ಏರಿಕೆಯಿಂದ ಬಂದ ಲಾಭದಲ್ಲಿ ಮಾತ್ರ ಸರ್ಕಾರಕ್ಕೆ ಪಾಲು. 1880ರ ದಶಕದಲ್ಲಿ ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ರೈಲು ಹಾದಾಗ ಕುಂದಗೋಳ, ಸಂಶಿ, ಗುಡಗೇರಿಗಳಲ್ಲಿ ಠಾಣೆ ಬಂದವು. ಹತ್ತಿ ಅಂಡಿಗೆ ಕುಮಟೆಯ ಘಟ್ಟದ ದಾರಿ ಬಿಟ್ಟು ರೈಲು ಹತ್ತಿತು. ಇಂಥ ಊರುಗಳ ಗರಿಷ್ಠ ದರ ಏರಲು ರೈಲು ಒಳ್ಳೆಯ ನೆವ. ಸುಧಾರಣೆ ಯಾರು ಮಾಡಿದ್ದು ಎಂಬ ಪ್ರಶ್ನೆ ಹೀಗೆ ಕಾಯ್ದೆಯೊಳಗೆ ಸೇರಿಕೊಂಡಿತು. ಸರಿಯಾಗಿ ನೂರೊಂದು ವರ್ಷದ ಮೇಲೆ ಅದು ನವಲಗುಂದದ ಬೀದಿಗೆ ಬರಲಿತ್ತು.

ಈ ನಡುವೆ 1876–78ರ ಬರ. ಜಿಲ್ಲೆಯ ಜನಸಂಖ್ಯೆಯನ್ನೇ ಕುಗ್ಗಿಸಿದ ಬರ ಅದು. ದರ ಕಡಿಮೆ ಇದೆ, ಹಾಗಾಗಿ ಒಳ್ಳೆ ವರ್ಷದಲ್ಲಿ ಉಳಿಸಿ ಕೆಟ್ಟ ವರ್ಷದಲ್ಲಿ ಕಟ್ಟಬೇಕು ಎಂಬುದು ಸರ್ವೆ ಪದ್ಧತಿಯ ತತ್ವ. ಎರಿ ಭೂಮಿಯ ಮಳೆ ಅಂಥ ತತ್ವಕ್ಕೆ ಹೊಂದುವುದಲ್ಲ. ಬರಗಳ ಪೆಟ್ಟು ತಿಂದ ಮೇಲೆ ಆಣೆವಾರಿ ಪದ್ಧತಿ ಗಟ್ಟಿಯಾಯಿತು: ಬೆಳೆ ನಾಲ್ಕಾಣೆಗಿಂತ ಕಡಿಮೆ ಎಂದು ಠರಾವಾದರೆ ಆ ವರ್ಷದ ವಸೂಲಿ ಪೂರ್ತಿ ತಡೆ, ಆರಾಣೆಯೊಳಗಿದ್ದರೆ ಅರ್ಧ. ನೆಲದ ಆಣೆ ಸಾಲದೆ ಬೆಳೆಗೂ ಆಣೆ ಬಂತು. ನೆಲದ ಆಣೆಯನ್ನು 30 ವರ್ಷಕ್ಕೊಮ್ಮೆ ಕಟ್ಟಿದರೆ ಬೆಳೆಯ ಆಣೆಯನ್ನು ವರ್ಷವರ್ಷ ಕಟ್ಟಬೇಕು. ಬದುವಿನ ಮೇಲೆ ನಿಂತ ಮಾಮಲೇದಾರರ ಕಣ್ಣಿಗೆ ಐದಾಣೆಯಾಗಿ ಕಂಡ ಜೋಳ ರೈತನ ಕಣದಲ್ಲಿ ಮೂರಾಣೆಯೇ ಆಗಿರುವುದು ಅಪರೂಪವಲ್ಲ. ಖೇಡಾದಲ್ಲಿ ಗಾಂಧೀಜಿ 1918ರಲ್ಲಿ ಹಿಡಿದ ತಕರಾರೂ ಇದೇ ನಾಲ್ಕಾಣೆಯದು.

ದಕ್ಷಿಣ ಮರಾಠಾ ಸಂಸ್ಥಾನಗಳೂ ಬರಬರುತ್ತ ಇದೇ ಮಾದರಿಯ ಸರ್ವೆ ಹಿಡಿದವು. ಕುಂದಗೋಳದ ಚಾವಡಿಯೂ ಹುಬ್ಬಳ್ಳಿ ತಾಲ್ಲೂಕಿನ ಚಾವಡಿಯೂ ನೋಡಲು ಒಂದೇ: ಕಂತಿನ ದಿನ ವಾಲೀಕಾರ ಓಣಿ ಓಣಿ ಸಾರುವುದು, ಗೌಡ ಕಂಬಕ್ಕೊರಗುವುದು, ಕುಲಕರ್ಣಿ ಇಳಿಜಾರು ಮಣೆಯ ಮುಂದೆ ಮೋಡಿ ಅಕ್ಷರದಲ್ಲಿ ಬರೆಯುವುದು. ವ್ಯತ್ಯಾಸ ತಿಳಿಯುತ್ತಿದ್ದದ್ದು ಚಳವಳಿಯ ಕಾಲದಲ್ಲಿ. 1930ರ ದಶಕದ ಆರಂಭದಲ್ಲಿ ಅಂಕೋಲಾ, ಸಿದ್ದಾಪುರ, ಧಾರವಾಡ ಜಿಲ್ಲೆಯ ಹಿರೇಕೆರೂರಿನಲ್ಲಿ ಕರನಿರಾಕರಣೆ ನಡೆದು ಹೊಲ ಮನೆ ಜಪ್ತಿಯಾದಾಗ ಸವಾಲು ಇದ್ದದ್ದು ಮುಂಬಯಿ ಸರ್ಕಾರಕ್ಕೆ. ಕುಂದಗೋಳದ ರೈತ ಕಂದಾಯ ಕೊಡುತ್ತಿದ್ದದ್ದು ಜಮಖಂಡಿಗೆ.

ಆ ಗಡಿ ಅಳಿದದ್ದು 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತಕ್ಕೆ ಸೇರಿದಾಗ. ಮುಂದಿನ ಹದಿನೈದು ವರ್ಷ ಕಾಯ್ದೆಗಳ ಮೇಲೆ ಕಾಯ್ದೆ ಬಂದವು. 1950ರ ಮುಂಬಯಿ ಕಾಯ್ದೆ ಪರಗಣೆ ಮತ್ತು ಕುಲಕರ್ಣಿ ವತನಗಳನ್ನು ತೆಗೆಯಿತು. ಮೋಡಿ ಬರೆಯುತ್ತಿದ್ದ ಕೈಯ ಜಾಗಕ್ಕೆ ಪಗಾರದ ತಲಾಠಿ ಬಂದ. 1952ರ ಕಾಯ್ದೆ ಖಾಸಗಿ ಇನಾಮುಗಳನ್ನು ರದ್ದುಪಡಿಸಿ, 1863ರ ರಾಜಿಯನ್ನೇ ಮುಗಿಸಿತು. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಗೌಡಿಕೆಯೂ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆಯಿಂದ 1963ರಲ್ಲಿ ಹೋಯಿತು. 1964ರ ಭೂಕಂದಾಯ ಕಾಯ್ದೆ ಮುಂಬಯಿ, ಮೈಸೂರು, ಹೈದರಾಬಾದು, ಮದ್ರಾಸು, ಕೊಡಗಿನ ಐದು ಪದ್ಧತಿಗಳನ್ನು ಒಂದೇ ಚೀಲಕ್ಕೆ ತುಂಬಿತು. ಕಾಯ್ದೆಯ ಭಾಷೆ ಪಹಣಿ, ಗ್ರಾಮ ಲೆಕ್ಕಿಗ ಎಂದರೂ ಧಾರವಾಡ ಕಡೆಯ ಬಾಯಿ ಉತಾರ, ತಲಾಠಿ ಬಿಡಲಿಲ್ಲ.

ಹಳೆಯ ಪ್ರಶ್ನೆ ಮತ್ತೆ ಎದ್ದದ್ದು ಕಾಲುವೆಯಿಂದ. ಸವದತ್ತಿ ತಾಲ್ಲೂಕಿನ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟು 1970ರ ದಶಕದಲ್ಲಿ ನವಲಗುಂದ, ನರಗುಂದಗಳ ಎರಿಗೆ ನೀರು ತಂದಿತು. 1957ರ ನೀರಾವರಿ ಕಾಯ್ದೆಯ ಪ್ರಕಾರ, ಸರ್ಕಾರದ ಕಾಲುವೆಯಿಂದ ಬೆಲೆ ಏರಿದ ಭೂಮಿಯ ಒಡೆಯ ಆ ಏರಿಕೆಯ ಒಂದು ಪಾಲನ್ನು ಅಭಿವೃದ್ಧಿ ಕರವಾಗಿ ಕೊಡಬೇಕಿತ್ತು. ನೀರಿನ ಕರ ಬೇರೆ. 1879ರ ಸಂಹಿತೆಯ ತರ್ಕವೇ ಇದು: ಸುಧಾರಣೆ ಸರ್ಕಾರದ್ದು, ಪಾಲೂ ಸರ್ಕಾರದ್ದು. ಆದರೆ ಸುಧಾರಣೆ ಆಗಿದೆಯೇ? ಹೊಲಗಾಲುವೆ ಮುಗಿಯದೆ ಬಾಲದ ಹಳ್ಳಿಗಳಿಗೆ ನೀರು ತಲುಪಿರಲಿಲ್ಲ. ತಲುಪಿದಲ್ಲಿ ಆಳ ಎರಿ ನೀರು ಇಂಗಗೊಡದೆ ಜವಳು ಹಿಡಿಯಿತು, ಉಪ್ಪು ಮೇಲೆದ್ದಿತು. ವಿಂಗೇಟನ ಪ್ರತಬಂದಿಯವನು ಇಂಥ ಚೌಕಕ್ಕೆ ದೋಷದ ಗುರುತು ಹಾಕಿ ಒಂದು ದರ್ಜೆ ಇಳಿಸುತ್ತಿದ್ದ. ಅಭಿವೃದ್ಧಿ ಕರದ ನೋಟೀಸು ಅದೇ ಹೊಲದ ಬೆಲೆ ಏರಿದೆ ಎಂದಿತು. ಧಾರವಾಡದಲ್ಲೇ ಹುಟ್ಟಿದ ವರಲಕ್ಷ್ಮಿ ಹತ್ತಿಗೆ ಸಾಲ ತೆಗೆದು ಗೊಬ್ಬರ, ಔಷಧಿ ಹಾಕಿದವರಿಗೆ 1980ರ ಹೊತ್ತಿಗೆ ಹತ್ತಿಯ ದರವೂ ಬಿದ್ದಿತ್ತು.

ರೈತರು ಸಮನ್ವಯ ಸಮಿತಿ ಕಟ್ಟಿಕೊಂಡು ಕರ ಕೊಡುವುದಿಲ್ಲವೆಂದರು. 1980ರ ಜುಲೈ 21ರಂದು ಬಂದ್‌ ದಿನ ನವಲಗುಂದ, ನರಗುಂದಗಳಲ್ಲಿ ಗೋಲಿಬಾರ್ ಆಯಿತು. ಬಸಪ್ಪ ಲಕ್ಕುಂಡಿ ಮತ್ತು ವೀರಪ್ಪ ಕಡ್ಲಿಕೊಪ್ಪ ಸತ್ತರು. ಸಿಟ್ಟು ಜಿಲ್ಲೆಯಿಂದ ಜಿಲ್ಲೆಗೆ ಹಬ್ಬಿತು. ಗುಂಡೂರಾವ್ ಸರ್ಕಾರ ಕರದ ವಿಷಯದಲ್ಲಿ ಹಿಂದೆ ಸರಿಯಬೇಕಾಯಿತು. ಅದೇ ವರ್ಷ ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಎಂ.ಡಿ. ನಂಜುಂಡಸ್ವಾಮಿ ಮುಂತಾದವರ ಮುಂದಾಳ್ತನದಲ್ಲಿ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. 1983ರ ಚುನಾವಣೆಯಲ್ಲಿ ಕಾಂಗ್ರೆಸ್ ರಾಜ್ಯದಲ್ಲಿ ಮೊದಲ ಬಾರಿಗೆ ಅಧಿಕಾರ ಕಳೆದುಕೊಂಡದ್ದಕ್ಕೆ ಕಾರಣ ಹಲವಾದರೂ ನವಲಗುಂದವನ್ನು ಬಿಟ್ಟು ಆ ಪಟ್ಟಿ ಪೂರ್ತಿಯಾಗದು. ಜುಲೈ 21 ಇಂದಿಗೂ ರೈತ ಹುತಾತ್ಮರ ದಿನ. ಕಾಲುವೆ ಕಾಣದ, ಮಳೆ ನಂಬಿದ ಕುಂದಗೋಳದ ಬಹುಪಾಲು ಹಳ್ಳಿಗಳಿಗೆ ಈ ಕರ ತಟ್ಟಲಿಲ್ಲ. ಆದರೆ ಸಂಘದ ಹಸಿರು ಶಾಲು ಅಲ್ಲಿಗೂ ಬಂತು.

ಹೊಲದ ಮೇಲಿನ ತೆರಿಗೆಯನ್ನು ಬೇರೆ ಬುಡದ ಮೇಲೆ ನಿಲ್ಲಿಸುವ ಒಂದು ಯೋಚನೆ ಅದಕ್ಕೂ ಮೊದಲೇ ದಿಲ್ಲಿಯಲ್ಲಿ ಮಂಡನೆಯಾಗಿತ್ತು. ಕೆ.ಎನ್. ರಾಜ್ ಸಮಿತಿ 1972ರಲ್ಲಿ ಪ್ರತಿ ಪ್ರದೇಶದ ಮಣ್ಣು, ಮಳೆ, ಬೆಳೆ ನೋಡಿ ಹಿಡುವಳಿಯ ಮೇಲೆ ಏರುದರದ ತೆರಿಗೆ ಹಾಕಬೇಕೆಂದಿತು. ಒಂದು ರೀತಿಯಲ್ಲಿ ಅದು ವಿಂಗೇಟನ ಆಣೆಗಳನ್ನು ಹೊಸದಾಗಿ ಎಣಿಸುವ ಸಲಹೆ. ಯಾವ ರಾಜ್ಯವೂ ಅದನ್ನು ಪೂರ್ತಿ ಕೈಗೆತ್ತಿಕೊಳ್ಳಲಿಲ್ಲ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. 1961ರ ಕಾಯ್ದೆಯ ಬದಲಿಗೆ ಬಂದ 2025ರ ಆದಾಯ ತೆರಿಗೆ ಕಾಯ್ದೆಯೂ ಆ ವಿನಾಯಿತಿಯನ್ನು ಮುಟ್ಟಿಲ್ಲ. ರಾಜ್ಯದ 1957ರ ಕೃಷಿ ಆದಾಯ ತೆರಿಗೆ ಕಾಫಿ, ರಬ್ಬರಿನಂಥ ತೋಟಗಳ ಕಡೆಯದಾಗಿತ್ತು; ಎರಿ ಹೊಲದ ಜೋಳಕ್ಕೂ ಅದಕ್ಕೂ ಸಂಬಂಧವಿರಲಿಲ್ಲ.

ಕಂದಾಯದ ತೂಕ ಹೀಗೆ ಇಳಿಯುತ್ತ ಬಂದರೂ ಕಾಗದದ ತೂಕ ಏರುತ್ತ ಹೋಯಿತು. ಬ್ಯಾಂಕಿನ ಸಾಲ, ಬೆಳೆ ವಿಮೆ, ಬರ ಪರಿಹಾರ ಎಲ್ಲಕ್ಕೂ ಉತಾರ ಬೇಕು. 2000ದ ಸುಮಾರಿಗೆ ಭೂಮಿ ಯೋಜನೆ ರಾಜ್ಯದ ಸುಮಾರು ಎರಡು ಕೋಟಿ ಉತಾರಗಳನ್ನು ಗಣಕಯಂತ್ರಕ್ಕೆ ಏರಿಸಿತು. ಅಣ್ಣತಮ್ಮಂದಿರು ಹೊಲ ಹಂಚಿಕೊಂಡು ಪೋಡಿಗೆ, ಅಂದರೆ ಪಾಲನ್ನು ಬೇರ್ಪಡಿಸಲು, ಅರ್ಜಿ ಹಾಕಿದರೆ ಭೂಮಾಪಕ ತೆಗೆಯುವುದು ಹಳೆಯ ಟಿಪ್ಪಣಿ ಮತ್ತು ಆಕಾರಬಂದ್. ಹುಡುಕುವುದು ಬದುವಿನಲ್ಲಿ ಹೂತ ಬಾಂದುಕಲ್ಲು. ಬರೆಯುವುದು ಎಕರೆ, ಗುಂಟೆ, ಆಣೆ. ಭೂಮಿ ಯೋಜನೆಯ ಆರಂಭದಲ್ಲಿ ಒಂದು ಉತಾರದ ಪ್ರತಿಗೆ 15 ರೂಪಾಯಿ ಇತ್ತು. ಆ ಉತಾರದಲ್ಲಿ ಒಂದು ಎಕರೆ ಒಣ ಎರಿಗೆ ನಮೂದಾದ ಇಡೀ ವರ್ಷದ ಕಂದಾಯ ಅದಕ್ಕಿಂತ ಕಡಿಮೆ.